ಸೂಜಿಯ ಗೆರೆ, ಉಳಿಯ ಗೆರೆ

ಕಲಾವಿದನೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವ ಮೂರ್ತಿ ಬಹುಮಟ್ಟಿಗೆ ಒಂದೇ ಬಗೆಯದು. ಚೌಕಟ್ಟಿಗೆ ಬಿಗಿದ ಬಟ್ಟೆ, ಎಡಗೈಯಲ್ಲಿ ಬಣ್ಣದ ಹಲಗೆ, ಬಲಗೈಯಲ್ಲಿ ಕುಂಚ, ತುಸು ಕೆದರಿದ ಕೂದಲು. ಕಾದಂಬರಿಕಾರರೂ ಚಲಚ್ಚಿತ್ರದವರೂ ಕೂಡಿ ನಮ್ಮ ಮನಸ್ಸಿನಲ್ಲಿ ಪ್ರತಿಷ್ಠಾಪಿಸಿದ ಮೂರ್ತಿಯಿದು. ಹರಿದ ಸೀರೆಯ ತುಂಡುಗಳನ್ನು ಸುತ್ತಲೂ ಹರಡಿಕೊಂಡು ಹೊಲಿಯುತ್ತ ಕುಳಿತ ಹೆಂಗಸಿಗಾಗಲಿ, ಹಸಿಗಾರೆಯ ಗೋಡೆಯೆದುರು ಕಬ್ಬಿಣದ ಕಂಟ ಹಿಡಿದು ನಿಂತ ಕೆಲಸಗಾರನಿಗಾಗಲಿ ಆ ಗುಡಿಯೊಳಗೆ ಪ್ರವೇಶವಿಲ್ಲ. ಅವರದು ಕಸುಬು, ಮನೆಗೆಲಸ, ಹೆಚ್ಚೆಂದರೆ 'ಜಾನಪದ'. ಈ ಕೊನೆಯ ಮಾತನ್ನು ನಾವು ಕನ್ನಡದ ಮಾಸ್ತರರು ಬಹಳ ಔದಾರ್ಯದಿಂದ ಬಳಸುತ್ತೇವೆ. ಒಂದು ವಸ್ತುವಿಗೆ ಆ ಹೆಸರಿಟ್ಟುಬಿಟ್ಟರೆ ಅದನ್ನು ಕುರಿತು ಮತ್ತೆ ಯೋಚಿಸಬೇಕಾದ ತೊಂದರೆ ತಪ್ಪುತ್ತದೆ.

ಈಚಿನ ವರ್ಷಗಳಲ್ಲಿ ಒಂದು ವಿಚಿತ್ರ ನಡೆಯುತ್ತಿದೆ. ಕಲಾಶಾಲೆಯಲ್ಲಿ ಕಲಿತ ತರುಣ ತರುಣಿಯರು ಕುಂಚವನ್ನು ಬದಿಗಿಟ್ಟು ಸೂಜಿ ಹಿಡಿಯುತ್ತಿದ್ದಾರೆ. ಒಂದು ತಿಂಗಳು ಕೌದಿ, ಮುಂದಿನ ತಿಂಗಳು ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕ ಸ್ಕೆಚ್ ಪುಸ್ತಕ, ಆಮೇಲೆ ಲಿನೋಲಿಯಂ ತುಂಡನ್ನು ಮೇಜಿನ ಮೇಲಿಟ್ಟುಕೊಂಡು ಉಳಿಯಿಂದ ಕೆತ್ತಿ, ಮಸಿ ಸವರಿ, ಕಾಗದದ ಮೇಲೆ ಅಚ್ಚೊತ್ತುವುದು. ಹೆತ್ತವರಿಗೆ ಇದು ಗಾಬರಿಯ ವಿಷಯ. ಇಷ್ಟು ಹಣ ಸುರಿದು ಚಿತ್ರಕಲೆ ಕಲಿಸಿದುದು ಮಗಳು ಅಜ್ಜಿಯ ಹಾಗೆ ಕೌದಿ ಹೊಲಿಯಲೆಂದೇ? ಮಗ ಬಡಗಿಯ ಹಾಗೆ ಉಳಿ ಹಿಡಿಯಲೆಂದೇ? ಯಾವುದಾದರೂ ಒಂದರಲ್ಲಿ ನೆಲೆನಿಲ್ಲಬಾರದೆ? ಈ ಪ್ರಶ್ನೆಯನ್ನು ನಾನು ಲಘುವಾಗಿ ಕಾಣುವವನಲ್ಲ. ಹೊಟ್ಟೆಯ ಚಿಂತೆ ಅದರ ಹಿಂದಿದೆ. ಆದರೆ ಪ್ರಶ್ನೆಯೊಳಗೆ ಅಡಗಿರುವ ಒಂದು ಎಣಿಕೆ ತಪ್ಪು. ಸೂಜಿ, ಪೆನ್ಸಿಲು, ಉಳಿಗಳು ಮೂರು ಬೇರೆ ಬೇರೆ ದಾರಿಗಳೆಂಬ ಎಣಿಕೆ. ಕಾರವಾರ ಅಂಕೋಲೆಗಳ ಆಸುಪಾಸಿನಲ್ಲಿ ಹದಿನೈದು ದಿನ ಕಣ್ಣು ತೆರೆದು ಅಡ್ಡಾಡಿದರೆ ಸಾಕು, ಅವು ಒಂದೇ ಮನೆತನದ ಒಕ್ಕಲುಗಳೆಂಬುದು ತಿಳಿಯುತ್ತದೆ.

ಮೊದಲು ಸೂಜಿ.

ಕೌದಿಯನ್ನು ಕಾಣದ ಕನ್ನಡ ಮನೆ ಅಪರೂಪ. ಬಂಗಾಳಿಗಳು ಇದರ ಹತ್ತಿರದ ಬಂಧುವನ್ನು ಕಾಂಥಾ ಎನ್ನುವರು. ಉಡಲಾರದಷ್ಟು ಸವೆದ ಹತ್ತಿಯ ಸೀರೆ ಎರಡನೆಯ ಜನ್ಮ ತಾಳುವ ಬಗೆಯಿದು. ಆದರೆ ಕೌದಿಯನ್ನು ನೋಡಬೇಕಾದರೆ ಕಡಲ ತಡಿಯಿಂದ ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳ ಕಡೆಗೋ, ಅಂಕೋಲೆ ತಾಲ್ಲೂಕಿನ ಘಟ್ಟದಂಚಿನ ಕೇರಿಗಳ ಕಡೆಗೋ ಹೋಗಬೇಕು. ಅಲ್ಲಿ ಸಿದ್ದಿಯರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಈ ನೆಲಕ್ಕೆ ತರಲ್ಪಟ್ಟು, ಗೋವೆಯ ಪೋರ್ತುಗೀಜರ ದಾಸ್ಯದಿಂದ ತಪ್ಪಿಸಿಕೊಂಡು ಈ ಕಾಡುಗಳಲ್ಲಿ ನೆಲೆ ಕಂಡವರ ಸಂತತಿ. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಅವರಲ್ಲಿ ಇದ್ದಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದುದು 2003ರಲ್ಲಿ. ತೀರ ತಡವಾಯಿತೆಂದು ಹೇಳಬೇಕಾಗಿಲ್ಲ.

ಸಿದ್ದಿ ಹೆಂಗಸರು ಇದನ್ನು ಕವಂದಿ ಎನ್ನುವರು. ಅದನ್ನು ಹೊಲಿಯುವ ಕ್ರಮವನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಅದರ ಸ್ವಾರಸ್ಯವೆಲ್ಲ ಆ ಕ್ರಮದಲ್ಲಿಯೇ ಇದೆ. ಕೆಳಗೆ ಒಂದು ಹಳೆಯ ಸೀರೆ ಹಾಸುತ್ತಾರೆ. ಅದರ ಮೇಲೆ ಅಂಚಿನಿಂದ ತುಂಡುಬಟ್ಟೆಗಳನ್ನು ಇಡತೊಡಗುವರು. ತುಂಡಿನ ಬದಿಯನ್ನು ಬೆರಳಿಂದ ಒಳಗೆ ಮಡಚುವುದು, ಪಕ್ಕದ ತುಂಡಿಗೆ ತಾಗಿಸುವುದು, ಉದ್ದುದ್ದ ಸಾದಾ ಹೊಲಿಗೆಯಿಂದ ಹಿಡಿದು ಮುಂದೆ ಸಾಗುವುದು. ಒಂದು ಸುತ್ತು ಮುಗಿದರೆ ಅದರೊಳಗೆ ಇನ್ನೊಂದು ಸುತ್ತು. ಹೀಗೆ ಹೊಲಿಗೆ ಹೊರಗಿನಿಂದ ಒಳಕ್ಕೆ ಸುತ್ತಿ ಸುತ್ತಿ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುತ್ತ ಹಾಕುತ್ತ ಗರ್ಭಗುಡಿಗೆ ಬಂದ ಹಾಗೆ.

ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಕೆಂಪಿನ ಪಕ್ಕದಲ್ಲಿ ಹಸಿರೋ ಹಳದಿಯೋ ಎಂಬುದು ಆ ಹೊತ್ತಿಗೆ ಕೈಗೆ ಸಿಕ್ಕ ತುಂಡಿನಿಂದಲೂ, ಅದನ್ನು ಎತ್ತಿ ನೋಡಿದ ಕಣ್ಣಿನಿಂದಲೂ ತೀರ್ಮಾನವಾಗುತ್ತದೆ. ನಮ್ಮ ಸುಶಿಕ್ಷಿತ ಮನಸ್ಸಿಗೆ ಇದು ಅಡ್ಡಾದಿಡ್ಡಿಯೆಂದು ತೋರೀತು. ಅಡ್ಡಾದಿಡ್ಡಿಯಾಗಿದ್ದರೆ ನೂರು ತುಂಡುಗಳು ನೂರು ಮಾತನ್ನಾಡಿ ಸಂತೆಯಾಗಬೇಕಾಗಿತ್ತು. ಹಾಗಾಗುವುದಿಲ್ಲ. ಒಳ್ಳೆಯ ಕವಂದಿಯನ್ನು ಹತ್ತು ಹೆಜ್ಜೆ ದೂರದಿಂದ ನೋಡಿದರೆ ಬಣ್ಣಗಳು ತಾಳ ಹಾಕುತ್ತವೆ. ಒಂದೇ ನೀಲಿ ಮೂರು ಕಡೆ ಮೂರು ಅಳತೆಯಲ್ಲಿ ಬಂದಿರುತ್ತದೆ; ಕಣ್ಣು ತಾನಾಗಿ ಅವುಗಳ ನಡುವೆ ಗೆರೆ ಎಳೆದುಕೊಳ್ಳುತ್ತದೆ. ಕೆಲವು ಕೌದಿಗಳಲ್ಲಿ ಶಿಲುಬೆ ಕಾಣುವುದು, ಕೆಲವುಗಳಲ್ಲಿ ಅರ್ಧಚಂದ್ರ. ಹೊಲಿದವಳ ದೇವರು ಯಾರೆಂದು ತಿಳಿಯಲು ಅಷ್ಟು ಸಾಕು. ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಮಡಚಿ ಕೂರಿಸಿದ ತ್ರಿಕೋನಗಳಿರುತ್ತವೆ. ಅವಕ್ಕೆ 'ಫೂಲ', ಎಂದರೆ ಹೂವು, ಎಂದು ಹೆಸರು. ಬೆಚ್ಚಗಿರಲು ಫೂಲ ಬೇಕಾಗಿಲ್ಲ, ಗಟ್ಟಿಯಾಗಿರಲೂ ಬೇಕಾಗಿಲ್ಲ. ಆದರೂ ಫೂಲವಿಲ್ಲದ ಕೌದಿ ಬೆತ್ತಲೆ ಎಂದು ಅವರ ಭಾವನೆ. ಉಪಯೋಗಕ್ಕೆ ಹೊಲಿದ ವಸ್ತುವಿಗೆ ಉಪಯೋಗವಿಲ್ಲದ ಈ ನಾಲ್ಕು ಮೂಲೆಗಳು ಅಗತ್ಯವೆಂದು ಹಟ ಹಿಡಿದವರನ್ನು ಕಲಾವಿದರೆನ್ನಲು ನಮಗೆ ಏಕೆ ಸಂಕೋಚವೋ!

ಈ ಕೌದಿಗಳನ್ನು ದೊಡ್ಡ ಜಗತ್ತಿನ ಕಣ್ಣಿಗೆ ತಂದವರು ಹೆನ್ರಿ ಡ್ರೂಅಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು. ಆಫ್ರಿಕದ ಕಲೆಯನ್ನು ಅಭ್ಯಾಸ ಮಾಡಿದವರು ಅದರ ಜಾಡು ಹಿಡಿದು ನಮ್ಮ ಕಾಡಿಗೆ ಬಂದರು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘವೊಂದು ಅವರ ನೆರವಿನಿಂದ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಷಾಮ್‌ಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಘಟ್ಟದ ಕೇರಿಯಲ್ಲಿ ಮಗುವಿನ ಕೆಳಗೆ ಹಾಸುತ್ತಿದ್ದ ವಸ್ತು ಹಾರ್ಲೆಮ್ಮಿನ ಗೋಡೆಯ ಮೇಲೆ ನೇತಾಡಿತು. ಸಂತೋಷದ ಸಂಗತಿಯೇ. ಆದರೆ ಅಲ್ಲಿಂದ ಕಾರವಾರದ ಪೇಟೆಗೆ ಬರಲು ಅದಕ್ಕೆ ಇನ್ನೂ ದಾರಿ ಸರಿಯಾಗಿ ತಿಳಿದಂತಿಲ್ಲ. ಹೂವಿನ ಚಿತ್ರದ ಯಂತ್ರದ ರಗ್ಗನ್ನು ಬೆಲೆ ಕೇಳದೆ ಕೊಳ್ಳುವ ನಾವು ಕೈಹೊಲಿಗೆಯ ಕೌದಿಯ ಮುಂದೆ ನಿಂತು 'ಹಳೆಬಟ್ಟೆಗೆ ಇಷ್ಟು ದುಡ್ಡೆ?' ಎನ್ನುತ್ತೇವೆ. ದುಡ್ಡು ಬಟ್ಟೆಗಲ್ಲ, ವಾರಗಟ್ಟಲೆ ಬಾಗಿದ ಬೆನ್ನಿಗೆ, ಎಂಬ ಲೆಕ್ಕ ನಮಗೆ ಹೊಳೆಯುವುದಿಲ್ಲ.

ಅಮೆರಿಕದ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಅಲಬಾಮ ರಾಜ್ಯದಲ್ಲಿ ನದಿಯ ತಿರುವಿನೊಳಗೆ ಸಿಕ್ಕಿಕೊಂಡ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿಯ ಕರಿಯ ಹೆಂಗಸರು, ಹತ್ತಿಯ ತೋಟಗಳಲ್ಲಿ ಗುಲಾಮರಾಗಿದ್ದವರ ಮೊಮ್ಮಕ್ಕಳು ಮರಿಮಕ್ಕಳು, ಗೇಯುವ ಗಂಡಸರ ಸವೆದ ಇಜಾರುಗಳಿಂದ ಕೌದಿ ಹೊಲಿಯುತ್ತ ಬಂದವರು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯ ಅವರ ಕೌದಿಗಳನ್ನು ಪ್ರದರ್ಶಿಸಿದಾಗ ನೋಡಿದವರು ಬೆರಗಾದರು. ಸಿದ್ದಿಯರ ಕೌದಿಗೂ ಅವರ ಕೌದಿಗೂ ಇರುವ ಹೋಲಿಕೆಯನ್ನು ಕಂಡು ಇದು ಆಫ್ರಿಕದ ರಕ್ತದಲ್ಲಿ ಬಂದ ಗುಣವೆನ್ನುವವರುಂಟು. ನನಗೆ ಆ ಮಾತು ಅಷ್ಟಾಗಿ ಒಪ್ಪುವುದಿಲ್ಲ. ಬಿಜಾಪುರದ ಒಕ್ಕಲಗಿತ್ತಿಯೂ ಬಂಗಾಳದ ಬಡವಿಯೂ ಹೊಲಿದಿದ್ದಾರೆ. ಚಳಿ, ಬಡತನ, ಸೂಜಿ, ಒಂದಿಷ್ಟು ಹಟ ಇವಿಷ್ಟು ಕೂಡಿದ ಕಡೆ ಕೌದಿ ಹುಟ್ಟುತ್ತದೆ. ನಾನು ಜೀಸ್ ಬೆಂಡನ್ನು ನೆನೆದುದು ಬೇರೆ ಕಾರಣಕ್ಕೆ. ಆ ಹೆಂಗಸರಲ್ಲಿ ಕೆಲವರು 2005ರ ಹೊತ್ತಿಗೆ ಕ್ಯಾಲಿಫೋರ್ನಿಯದ ಒಂದು ಮುದ್ರಣಾಲಯಕ್ಕೆ ಹೋಗಿ, ಪುಟ್ಟ ಕೌದಿಗಳನ್ನು ಹೊಲಿದು, ಅವುಗಳನ್ನು ತಾಮ್ರದ ತಗಡಿನ ಮೇಲಿನ ಮೆದು ಮೇಣಕ್ಕೆ ಒತ್ತಿ, ಅದರಿಂದ ಅಚ್ಚುಚಿತ್ರಗಳನ್ನು ತೆಗೆದರು. ಕಾಗದದ ಮೇಲೆ ನೂಲಿನ ಒಂದೊಂದು ಹೆಜ್ಜೆಯೂ ಮೂಡಿತು. ಸೂಜಿಯಿಂದ ಅಚ್ಚಿಗೆ ಒಂದೇ ಹೆಜ್ಜೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಚ್ಚಿನ ಕೆಲಸ ಮಾತ್ರ ಕೌದಿಗೆ ತಲೆಕೆಳಗು. ಕೌದಿಯಲ್ಲಿ ಕೂಡಿಸುತ್ತ ಹೋಗುವುದು. ಇಲ್ಲಿ ಕಳೆಯುತ್ತ ಹೋಗುವುದು. ಲಿನೋಲಿಯಂ ಎಂಬುದು ಅಗಸೆಯೆಣ್ಣೆಯನ್ನು ಗಾಳಿಯಲ್ಲಿ ಗಟ್ಟಿಗೊಳಿಸಿ, ಬಿರಡೆಯ ಪುಡಿ ಬೆರೆಸಿ, ಗೋಣಿನಾರಿನ ಬಟ್ಟೆಯ ಮೇಲೆ ಒತ್ತಿದ ಹಾಸು. 1860ರ ದಶಕದಲ್ಲಿ ಫ್ರೆಡರಿಕ್ ವಾಲ್ಟನ್ ಎಂಬ ಇಂಗ್ಲಿಷನು ಅದನ್ನು ಕಂಡುಹಿಡಿದುದು ನೆಲಕ್ಕೆ ಹಾಸಲಿಕ್ಕೆ. ಮರದಂತೆ ಎಳೆಯಿಲ್ಲದುದರಿಂದ ಉಳಿ ಯಾವ ದಿಕ್ಕಿಗೂ ಸಲೀಸಾಗಿ ಹರಿಯುತ್ತದೆಂದು ಚಿತ್ರಕಾರರು ಅದನ್ನು ನೆಲದಿಂದ ಮೇಜಿಗೆ ಎತ್ತಿಕೊಂಡರು. ಕೆತ್ತಿ ತೆಗೆದ ಜಾಗ ಬಿಳಿಯಾಗಿ ಉಳಿಯುವುದು, ಉಳಿಸಿದ ಜಾಗಕ್ಕೆ ಮಸಿ ಹತ್ತುವುದು. ಬಿಸಿಲಿಗೆ ತುಸು ಕಾಯಿಸಿದರೆ ಹಾಸು ಬೆಣ್ಣೆಯಂತೆ ಕೊರೆಯಲು ಬರುತ್ತದೆ. ಉಳಿಯ ಮುಂದೆ ಇನ್ನೊಂದು ಕೈ ಬರಬಾರದೆಂಬುದು ಮೊದಲ ಪಾಠ. ಇದನ್ನು ಮರೆತವರ ಮನೆಯಲ್ಲಿ ಟಿಂಚರಿನ ಬಾಟಲಿ ಬೇಗ ಖಾಲಿಯಾಗುವುದು. ರೋಲರಿನಿಂದ ಮಸಿ ಸವರುವಾಗ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಸಣ್ಣ ಸದ್ದು ಬಂದರೆ ಹದ ಬಂದಿತೆಂದು ಅರ್ಥ. ಮುದ್ರಣಯಂತ್ರವಿಲ್ಲದಿದ್ದರೂ ಚಿಂತೆಯಿಲ್ಲ. ಕಾಗದವನ್ನು ಮೇಲೆ ಹಾಸಿ ಮರದ ಸೌಟಿನ ಬೆನ್ನಿನಿಂದ ತಿಕ್ಕಿದರಾಯಿತು. ಅಕ್ಷರಗಳನ್ನು ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೆತ್ತಬೇಕು. ಕನ್ನಡ ಲಿಪಿಯ ದುಂಡುತನ ಎಷ್ಟು ಕಷ್ಟದ ಸಂಪತ್ತೆಂಬುದು 'ಕ್ಷ'ವನ್ನು ತಿರುವಿ ಕೆತ್ತಿದವನಿಗೇ ಗೊತ್ತು.

ಇದೆಲ್ಲ ಪರದೇಶದ ವಿದ್ಯೆ, ನಮಗೂ ಇದಕ್ಕೂ ಏನು ಸಂಬಂಧವೆನ್ನುವವರು ಕಾರವಾರದಿಂದ ದಕ್ಷಿಣಕ್ಕೆ ಹತ್ತಿರಹತ್ತಿರ 35 ಕಿಲೋಮೀಟರು ಬಂದು ಅಂಕೋಲೆಯ ಲಕ್ಷ್ಮೀನಾರಾಯಣ ಮಹಾಮಾಯಾ ದೇವಾಲಯದ ಗೋಡೆಗಳನ್ನು ನೋಡಬೇಕು. ಅಲ್ಲಿರುವುದು ಕಾವಿ ಕಲೆ. ಗೋವೆಯಿಂದ ಉತ್ತರ ಕನ್ನಡದವರೆಗೆ ಹಬ್ಬಿದ ಈ ಕಲೆಯ ಮರ್ಮವೂ ಲಿನೋ ಅಚ್ಚಿನ ಮರ್ಮವೂ ಒಂದೇ. ಬೇಡದುದನ್ನು ಕೆರೆದು ತೆಗೆದು ಬೇಕಾದುದನ್ನು ಉಳಿಸುವುದು. ಚಿಪ್ಪಿಯನ್ನು ಸುಟ್ಟು ಮಾಡಿದ ಸುಣ್ಣಕ್ಕೆ ಮರಳು ಬೆಲ್ಲಗಳನ್ನು ಕೂಡಿಸಿ, ಕುಟ್ಟಿ, ಕೊಳೆಹಾಕಿ ಹದಗೊಳಿಸಿದ ಗಾರೆಯನ್ನು ಗೋಡೆಗೆ ಮೆತ್ತುತ್ತಿದ್ದರು. ಅದರ ಮೇಲೆ ಕಾವಿಮಣ್ಣಿನ ಕೆಂಪು ಲೇಪ. ಲೇಪ ಹಸಿಯಾಗಿರುವಾಗಲೇ ಕಬ್ಬಿಣದ ಕಂಟದಿಂದ ಚಿತ್ರದ ಸುತ್ತಲಿನ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳುಪು ಹೊರಬೀಳುತ್ತದೆ. ಕೆಂಪಿನ ಮೇಲೆ ಬಿಳಿಯೋ, ಬಿಳಿಯ ಮೇಲೆ ಕೆಂಪೋ, ಎರಡೂ ಹೌದು. ದೇವತೆಗಳು, ಬಳ್ಳಿಗಳು, ಹಂಸಗಳು, ಕೈವಾರದಿಂದ ಎಳೆದ ಮಂಡಲಗಳು. ಬಣ್ಣ ಗೋಡೆಗೆ ಬಳಿದುದಲ್ಲ, ಗೋಡೆಯ ಚರ್ಮವೇ ಆಗಿರುವುದು. ಆದಕಾರಣ ಈ ಕರಾವಳಿಯ ಮಳೆಯಲ್ಲಿಯೂ ಅದು ತಲೆಮಾರುಗಳ ಕಾಲ ನಿಂತಿತು. ನಮ್ಮ ಡಬ್ಬಿಯ ಬಣ್ಣಗಳು ಮೂರು ಮಳೆಗಾಲಕ್ಕೆ ಹಪ್ಪಳವೇಳುವುದನ್ನು ದಿನವೂ ಕಾಣುವ ನಮಗೆ ಇದರ ಬೆಲೆ ತಿಳಿಯಬೇಕು.

ತಿಳಿಯಲಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ದೇವಾಲಯಗಳಲ್ಲಿ ಕಾವಿಯ ಗೋಡೆಗಳು ಸಿಮೆಂಟಿನ ಕೆಳಗೆ, ಎಣ್ಣೆಬಣ್ಣದ ಕೆಳಗೆ, ಹೊಳೆಯುವ ಟೈಲುಗಳ ಕೆಳಗೆ ಹೋದವು. ಯಾರೂ ದ್ವೇಷದಿಂದ ಮಾಡಿದುದಲ್ಲ. ದೇವರಿಗೆ ಹೊಸದು ಸಲ್ಲಲಿ ಎಂಬ ಭಕ್ತಿಯಿಂದಲೇ ಮಾಡಿದುದು. ಅದೇ ಇದರ ದುರಂತ. ವಿಗ್ರಹವಾದರೆ ಎತ್ತಿ ಬೇರೆ ಕಡೆ ಇಡಬಹುದು. ಮರದ ಕೆತ್ತನೆಯ ಬಾಗಿಲನ್ನು ಕಳಚಿ ಕಾಪಾಡಬಹುದು. ಕಾವಿಯನ್ನು ಗೋಡೆಯಿಂದ ಬೇರ್ಪಡಿಸಲಾಗದು, ಗೋಡೆ ಬಿದ್ದರೆ ಚಿತ್ರವೂ ಬಿದ್ದಿತು. ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು (1934–2002) ಕೀಟಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿ. ಅವರು ಕ್ಯಾಮರಾ ಹೊತ್ತು ಗುಡಿ ಗುಡಿ ಅಲೆದು ಈ ಚಿತ್ರಗಳನ್ನು ಕಂಡು, ತೆಗೆದು, 'ಕಾವಿ ಕಲೆ' ಎಂಬ ಪುಸ್ತಕವನ್ನು ಬರೆಯದೆ ಹೋಗಿದ್ದರೆ ನಮ್ಮಲ್ಲಿ ಬಹಳ ಮಂದಿಗೆ ಆ ಹೆಸರೂ ತಿಳಿಯುತ್ತಿರಲಿಲ್ಲ. ಕೀಟದ ರೆಕ್ಕೆಯ ಗೆರೆಗಳನ್ನು ಎಣಿಸಿ ಪಳಗಿದ ಕಣ್ಣಿಗೆ ಗೋಡೆಯ ಗೆರೆ ಕಂಡಿತು. ಸಾಹಿತ್ಯದ ಪ್ರಾಧ್ಯಾಪಕರಿಗೆ ಏಕೆ ಮೊದಲು ಕಾಣಲಿಲ್ಲವೆಂದು ನನ್ನನ್ನು ಕೇಳಬೇಡಿ.

ಕೆರೆದು ಮೂಡಿಸುವ ಈ ಗೆರೆಗೆ ಎಂಥ ಬಲವಿದೆಯೆಂಬುದಕ್ಕೆ 1930ನೆಯ ಇಸವಿಯ ಒಂದು ಹಾಳೆ ಸಾಕು. ಕೋಲೂರಿ ನಡೆಯುವ ಗಾಂಧೀಜಿಯ ಆ ಚಿತ್ರವನ್ನು ಕಾಣದವರಿಲ್ಲ. ಕಪ್ಪು ಹಿನ್ನೆಲೆ, ಬಿಳಿಯ ಕೆಲವೇ ಗೆರೆಗಳು, ಮುಂದಿಟ್ಟ ಹೆಜ್ಜೆ. ಅದು ಶಾಂತಿನಿಕೇತನದ ನಂದಲಾಲ ಬಸು ಅವರು ಲಿನೋಲಿಯಂನಲ್ಲಿ ಕೆತ್ತಿದುದು. ದಾಂಡಿಯ ಯಾತ್ರೆಯ ನೆನಪಿಗಾಗಿ ಮಾಡಿದ ಚಿತ್ರ. ಅದೇ ವರ್ಷ, ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾಯಿದೆ ಮುರಿಯಿತು. ಕರ್ನಾಟಕದ ಬಾರ್ಡೋಲಿಯೆಂದು ಈ ತಾಲ್ಲೂಕಿಗೆ ಹೆಸರು ಬಂದುದು ಆ ಕಾಲದ ಹೋರಾಟಗಳಿಂದ. ಗಾಂಧೀಜಿಯ ಎಣ್ಣೆಬಣ್ಣದ ಭಾವಚಿತ್ರಗಳು ಕಚೇರಿಗಳಲ್ಲಿ ಎಷ್ಟೋ ಇವೆ. ನೆನಪಿನಲ್ಲಿ ನಿಂತಿರುವುದು ಈ ಕೆತ್ತಿದ ಚಿತ್ರವೇ. ಅಚ್ಚಿಗೆ ಇನ್ನೊಂದು ಗುಣವೂ ಉಂಟಷ್ಟೆ: ಒಂದು ಹಲಗೆಯಿಂದ ಹಲವು ಪ್ರತಿಗಳು. ಸಿರಿವಂತನ ಪಡಸಾಲೆಯಲ್ಲಿ ಒಂದೇ ಒಂದಾಗಿ ಕೂರುವ ಚಿತ್ರವಲ್ಲ, ಬಡವನ ಗೋಡೆಗೂ ಬರಬಲ್ಲ ಚಿತ್ರ. ಅದೇ 1930ರಲ್ಲಿ ರವೀಂದ್ರನಾಥ ಠಾಕೂರರು ಮಕ್ಕಳಿಗಾಗಿ ಬರೆದ 'ಸಹಜ ಪಾಠ'ಕ್ಕೂ ನಂದಲಾಲರು ಲಿನೋ ಅಚ್ಚಿನ ಚಿತ್ರಗಳನ್ನೇ ಮಾಡಿಕೊಟ್ಟರು. ಬಂಗಾಳದ ಮಕ್ಕಳು ಅಕ್ಷರದ ಜೊತೆಗೆ ಒಳ್ಳೆಯ ಗೆರೆಯನ್ನೂ ಕಲಿತರು. ನಮ್ಮ ಮಕ್ಕಳ ಪಠ್ಯಪುಸ್ತಕದ ಚಿತ್ರಗಳ ವಿಷಯ ಇಲ್ಲಿ ಎತ್ತಿದರೆ ಲೇಖನ ದಾರಿ ತಪ್ಪೀತು.

ರವೀಂದ್ರರ ಹೆಸರು ಬಂದಮೇಲೆ ಕಾರವಾರವನ್ನು ಬಿಟ್ಟು ಮುಂದೆ ಹೋಗಲಾಗದು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣ ಕವಿ ಬಂದು ಉಳಿದುಕೊಂಡಿದ್ದರು. ಕಡಲತಡಿಗೆ ಇಂದಿಗೂ ಅವರ ಹೆಸರೇ ಇದೆ. ಕಾಳೀ ನದಿಯಲ್ಲಿ ದೋಣಿಯ ಮೇಲೆ ಹೋಗಿ ಬೆಳದಿಂಗಳಲ್ಲಿ ಮರಳನ್ನು ತುಳಿಯುತ್ತ ಮರಳಿದುದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕವನ್ನು ಬರೆದುದೂ ಇಲ್ಲಿಯೇ. ಆ ಕಾಲದಲ್ಲಿ ಅವರು ಚಿತ್ರಕಾರರಾಗಿರಲಿಲ್ಲ. ಮನೆಯಲ್ಲಿ ಪೆನ್ಸಿಲು ಹಿಡಿದವರು ಇನ್ನೊಬ್ಬ ಅಣ್ಣ, ಜ್ಯೋತಿರಿಂದ್ರನಾಥರು. ಎದುರು ಕುಳಿತವರ ಮುಖಗಳನ್ನು ಬರೆದು ಬರೆದು ಪುಸ್ತಕಗಳನ್ನೇ ತುಂಬಿಸಿದವರು. ರವೀಂದ್ರರ ಕೈ ಗೆರೆಗೆ ಒಲಿದುದು ಬಹಳ ತಡವಾಗಿ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಹೆಣೆಯುತ್ತ ಹೋದಾಗ ಅಲ್ಲಿ ಹಕ್ಕಿಗಳೂ ವಿಚಿತ್ರ ಪ್ರಾಣಿಗಳೂ ಹುಟ್ಟಿಕೊಂಡವು. 1924ರಲ್ಲಿ ಅರ್ಜೆಂಟೀನದಲ್ಲಿ ಅವರನ್ನು ಉಪಚರಿಸಿದ ವಿಕ್ಟೋರಿಯಾ ಒಕಾಂಪೋ ಎಂಬ ಲೇಖಕಿ ಅದನ್ನು ಕಂಡು ಬೆರಗಾದರು. ಮುಂದೆ 1930ರಲ್ಲಿ ಪ್ಯಾರಿಸ್ಸಿನಲ್ಲಿ ಕವಿಯ ಮೊದಲ ಚಿತ್ರಪ್ರದರ್ಶನ ನಡೆದುದು ಆಕೆಯ ಪ್ರಯತ್ನದಿಂದ. ಎಪ್ಪತ್ತು ಸಮೀಪಿಸಿದ ವಯಸ್ಸು! ಜಗತ್ತೆಲ್ಲ ಕವಿಯೆಂದು ಕೈಮುಗಿದಮೇಲೆ ಹೊಸ ಕೆಲಸಕ್ಕೆ ಕೈಹಾಕುವ ಧೈರ್ಯ ಅವರಿಗಿತ್ತು. ಇಪ್ಪತ್ತೈದರ ಹುಡುಗಿ ಕುಂಚದಿಂದ ಸೂಜಿಗೆ, ಸೂಜಿಯಿಂದ ಉಳಿಗೆ ಹೋದರೆ ನಾವು ಚಂಚಲಚಿತ್ತಳೆನ್ನುತ್ತೇವೆ.

ಸ್ಕೆಚ್ ಪುಸ್ತಕದ ವಿಷಯದಲ್ಲಿ ಹೇಳಬೇಕಾದುದು ಹೆಚ್ಚಿಲ್ಲ, ಮಾಡಬೇಕಾದುದೇ ಹೆಚ್ಚು. ನಂದಲಾಲರು ಅಂಚೆಕಾರ್ಡಿನ ಅಳತೆಯ ಕಾಗದಗಳನ್ನು ಸದಾ ಜೊತೆಗಿಟ್ಟುಕೊಂಡು ಕಂಡುದನ್ನು ಕಂಡಲ್ಲಿ ಬರೆಯುತ್ತಿದ್ದರು. ಮೇಕೆ, ಗಾಡಿ, ನೀರು ಹೊರುವ ಹೆಂಗಸು, ತಾಳೆಮರ. ಬರೆದುದನ್ನು ಶಿಷ್ಯರಿಗೂ ಗೆಳೆಯರಿಗೂ ಅಂಚೆಯಲ್ಲಿ ಕಳಿಸಿಬಿಡುತ್ತಿದ್ದರು. ನಮ್ಮ ಕರಾವಳಿಯವರೇ ಆದ, ಉಡುಪಿಯ ಹತ್ತಿರದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು (1911–1996) ಬಣ್ಣದಲ್ಲಿ ಎಷ್ಟು ದೊಡ್ಡವರೋ ಬರಿಯ ಗೆರೆಯಲ್ಲಿಯೂ ಅಷ್ಟೇ ದೊಡ್ಡವರು. ಅವರ ರೇಖಾಚಿತ್ರಗಳ ಪುಸ್ತಕಕ್ಕೆ 'ಹಾಡುವ ಗೆರೆ' ಎಂಬರ್ಥದ ಇಂಗ್ಲಿಷ್ ಹೆಸರಿಟ್ಟುದು ಸಾರ್ಥಕವಾಗಿದೆ. ಕುಣಿಯುವ ಆಳನ್ನು ಅವರು ನಾಲ್ಕೇ ಗೆರೆಗಳಲ್ಲಿ ಹಿಡಿಯುವರು. ಆ ನಾಲ್ಕರ ಹಿಂದೆ ಬರೆದು ಬಿಟ್ಟ ನಾಲ್ಕು ಸಾವಿರ ಇರಬೇಕು.

ಕ್ಯಾಮರಾ ಇರುವಾಗ ಬರೆಯುವುದೇಕೆಂದು ಕೇಳುವುದುಂಟು. ಕೈಯೊಳಗಿನ ಫೋನು ಒಂದು ನಿಮಿಷದಲ್ಲಿ ಇಪ್ಪತ್ತು ಚಿತ್ರ ತೆಗೆಯುತ್ತದೆ. ತೆಗೆದವನು ಒಂದನ್ನೂ ನೋಡಿರುವುದಿಲ್ಲ. ಬರೆಯಬೇಕಾದರೆ ನೋಡಲೇಬೇಕು. ಕಾರವಾರದಿಂದ ಸದಾಶಿವಗಡಕ್ಕೆ ಕಾಳೀ ನದಿಯ ಮೇಲಿದ್ದ ಹಳೆಯ ಸೇತುವೆಯ ಮೇಲೆ ಎಷ್ಟು ಸಾವಿರ ಜನ ಎಷ್ಟು ಸಾವಿರ ಸಲ ಹಾದುಹೋಗಿರಬೇಕು! 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಅದು ಕುಸಿದು ನೀರಿಗೆ ಬಿದ್ದಿತು. ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಂದು ಜೀವಗಳನ್ನು ನುಂಗಿತು. ನೌಕಾನೆಲೆಗಾಗಿ ಇದೇ ಕರಾವಳಿಯ ಊರುಗಳು ಎದ್ದುಹೋದುದು ಅದಕ್ಕೂ ಹಿಂದಿನ ಮಾತು. ಸೇತುವೆಯ ಕಂಬಗಳು ಎಷ್ಟಿದ್ದವು, ಗುಡ್ಡದ ತಲೆ ಯಾವ ಕಡೆ ಬಾಗಿತ್ತು, ಬಿಟ್ಟುಹೋದ ಮನೆಗಳ ಜಗಲಿ ಎಷ್ಟೆತ್ತರವಿತ್ತು ಎಂದು ಕೇಳಿದರೆ ದಿನವೂ ಕಂಡವರೂ ತಡವರಿಸುತ್ತಾರೆ. ಕುಳಿತು ಒಂದು ಸಲ ಬರೆದವನು ತಡವರಿಸಲಾರ. ಈ ಜಿಲ್ಲೆಯಲ್ಲಿ ಸ್ಕೆಚ್ ಪುಸ್ತಕ ಶೋಕಿಯ ವಸ್ತುವಲ್ಲ, ಲೆಕ್ಕದ ಪುಸ್ತಕ.

ಆದುದರಿಂದ ಕಾವಿಯ ಗೋಡೆಗಳ ವಿಷಯದಲ್ಲಿ ನನ್ನದೊಂದು ಸಲಹೆಯಿದೆ. ಜೀರ್ಣೋದ್ಧಾರವನ್ನು ನಿಲ್ಲಿಸಿರೆಂದು ಹೇಳುವ ಅಧಿಕಾರ ನನಗಿಲ್ಲ. ಸೋರುವ ಮಾಡಿನ ಕೆಳಗೆ ಪೂಜೆ ಮಾಡುವವರ ಕಷ್ಟ ಅವರಿಗೇ ಗೊತ್ತು. ಗೋಡೆಗೆ ಹಾರೆ ಹಾಕುವ ಮುನ್ನ ಊ ಊರಿನ ಕಾಲೇಜಿಗೆ ಒಂದು ಮಾತು ತಿಳಿಸಿದರೆ ಸಾಕು. ಹತ್ತು ಹುಡುಗರು ಬಂದು ಗೋಡೆಯಷ್ಟೇ ಅಳತೆಯ ಕಾಗದ ಹಿಡಿದು ಗೆರೆಗಳನ್ನು ತೆಗೆದುಕೊಳ್ಳಲಿ. ಆ ಕಾಗದದಿಂದ ಅಚ್ಚು ಕೆತ್ತಲಿ. ಸಾಧ್ಯವಾದ ಕಡೆ ಒಂದೇ ಒಂದು ಗೋಡೆಯನ್ನಾದರೂ ಸುಣ್ಣದ ಗಾರೆಯಲ್ಲಿ ಮತ್ತೆ ಮಾಡಿ ನೋಡಲಿ. ಸುಣ್ಣ ನಿಧಾನವಾಗಿ ಗಟ್ಟಿಯಾಗುವ ಗಾರೆ. ಕೆರೆಯುವ ಕೈಗೆ ಅದು ಬಿಡುವು ಕೊಡುವಂತೆ ಸಿಮೆಂಟು ಕೊಡಲಾರದು. ಕೆಲಸ ಬಲ್ಲವರು ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿರುವಾಗಲೇ ಇದಾಗಬೇಕು.

ಇಷ್ಟನ್ನು ನಮ್ಮ ಕೆಲವು ವಿದ್ಯಾರ್ಥಿಗಳು ಕಳೆದ ಬೇಸಗೆಯ ರಜೆಯಲ್ಲಿ ಸಣ್ಣದಾಗಿ ಮಾಡಿ ನೋಡಿದರು. ಒಂದು ಗುಡಿಯ ಗೋಡೆಯಿಂದ ಹಂಸದ ಚಿತ್ರವನ್ನು ಪುಸ್ತಕಕ್ಕೆ ಇಳಿಸಿಕೊಂಡು, ಅಂಗೈಯಗಲದ ಲಿನೋಲಿಯಂನಲ್ಲಿ ಕೆತ್ತಿ, ಕಾವಿಯ ಬಣ್ಣದ ಎಣ್ಣೆಮಸಿ ಸವರಿ ಮೊದಲು ಕಾಗದದ ಮೇಲೆ ಒತ್ತಿದರು. ಹಂಸ ಬಲಕ್ಕೆ ನೋಡುತ್ತಿದ್ದುದು ಎಡಕ್ಕೆ ತಿರುಗಿತು. ಇನ್ನೊಂದು ಹಲಗೆ ಕೆತ್ತಿದರು. ಆಮೇಲೆ ಯಾರಿಗೆ ಹೊಳೆಯಿತೋ, ಹಳೆಯ ಬಿಳಿ ಪಂಚೆಯೊಂದನ್ನು ಚೌಕ ಚೌಕವಾಗಿ ಹರಿದು ಅದರ ಮೇಲೂ ಒತ್ತಿ, ನಮ್ಮ ನೆರೆಮನೆಯ ಹಿರಿಯ ಹೆಂಗಸಿನ ಹತ್ತಿರ ಕೊಂಡುಹೋದರು. ಆಕೆ ಎಂಬತ್ತು ದಾಟಿದವರು. ಮನೆಯ ಮೊಮ್ಮಕ್ಕಳಿಗೆಲ್ಲ ಕೌದಿ ಹೊಲಿದುಕೊಟ್ಟವರು. ತುಂಡುಗಳನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿ, ಉಗುರಿನಿಂದ ಕೆರೆದು ಪರೀಕ್ಷಿಸಿದರು.

"ಹಂಸ ಚೆಂದ ಬಂದಿದೆ ಮಗಾ. ಈ ಕೆಂಪು ನೀರಿಗೆ ಬಿಡುತ್ತದೆಯೋ?"

"ಒಣಗಲಿಕ್ಕೆ ಬಹಳ ದಿನ ಬೇಕಂತೆ ಅಜ್ಜೀ. ಒಣಗಿದಮೇಲೆ ಬಿಡಲಿಕ್ಕಿಲ್ಲ."

"ಬಿಡಲಿಕ್ಕಿಲ್ಲ ಎಂದರೆ ಆಗುವುದಿಲ್ಲ. ಒಂದನ್ನು ಮೊದಲು ಒಗೆದು ನೋಡಿ. ಪಕ್ಕದ ಬಿಳಿಯೆಲ್ಲ ಕೆಂಪಾದರೆ ನನ್ನ ಹೊಲಿಗೆ ದಂಡ." ಎಂದು ನನ್ನ ಕಡೆ ತಿರುಗಿ, "ಮಾಸ್ತರೆ, ನೀವು ಇವರಿಗೆ ಇದನ್ನು ಹೇಳಿಕೊಡಲಿಲ್ಲವೇ?" ಎಂದರು.

ಹತ್ತು ದಿನ ಒಣಗಿಸಿದ ತುಂಡೊಂದನ್ನು ಸಾಬೂನು ಹಾಕಿ ಒಗೆದು ಅವರ ಜಗಲಿಯ ಹಗ್ಗಕ್ಕೆ ಹಾಕಿದರು. ಹಂಸ ಉಳಿದಿತ್ತು. ಆಕೆ ಉಳಿದ ತುಂಡುಗಳನ್ನು ತರಿಸಿಕೊಂಡು, ನೀಲಿಯ ಹಳೆಯ ಸೀರೆಯೊಂದನ್ನು ಪೆಟ್ಟಿಗೆಯಿಂದ ತೆಗೆದು, ಅಂಚಿನಿಂದ ಹೊಲಿಗೆ ಹಿಡಿದಿದ್ದಾರೆ. ಈ ವಾರ ಎರಡನೆಯ ಸುತ್ತು ನಡೆದಿದೆ.